ಸಣ್ಣಕ್ಷರಗಳ ಸಂರಕ್ಷಣೆ: ಹಳೆಯ ಬೈಕುಗಳ ಮೀಟರು, ಸ್ವಿಚ್ಚುಗಳ ಮೇಲಿನ ಬರಹ

ಹಳೆಯ ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್, ಟ್ಯಾಂಕು, ಚಕ್ರಗಳಿಗಿಂತ ಎಷ್ಟೋ ಮೊದಲು ಅಳಿದುಹೋಗುವುದು ಅದರ ಮೈಮೇಲಿನ ಸಣ್ಣ ಬರಹ. ಹಾರ್ನ್ ಬಟನಿನ ಪಕ್ಕದ ಅಕ್ಷರಗಳು, ಪೆಟ್ರೋಲ್ ಕಾಕಿನ ಮೇಲಿನ ರಿಸರ್ವ್ ಗುರುತು, ಹೆಡ್‌ಲೈಟ್ ಸ್ವಿಚ್ಚಿನ ಸುತ್ತ ಕೊರೆದ ಸ್ಥಾನಸೂಚಕಗಳು, ವೇಗದ ಮೀಟರಿನ ಡಯಲಿನಲ್ಲಿ ಅಚ್ಚೊತ್ತಿದ ಅಂಕೆಗಳು, ಇವೆಲ್ಲ ಬಹುಮಟ್ಟಿಗೆ ಎರಡು ಮೂರು ಮಿಲಿಮೀಟರ್ ಎತ್ತರದವು, ಕೂದಲೆಳೆಯಷ್ಟು ತೆಳುವಾದ ಬಣ್ಣದ ಪದರದ ಮೇಲೆ ನಿಂತಿರುವಂಥವು. ಹಳೆಯ ಗಾಡಿಯನ್ನು ಮತ್ತೆ ಸಜ್ಜುಗೊಳಿಸಲು ಹೊರಟವರು ಟ್ಯಾಂಕಿನ ಬಣ್ಣಕ್ಕೂ ಕ್ರೋಮಿಗೂ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಬರಹ ಮಾಸಿದ ಸ್ವಿಚ್ಚನ್ನೋ ಮೀಟರನ್ನೋ ಮಾತ್ರ ಗುಜರಿಗೆ ಹಾಕಿ, ಪೇಟೆಯಲ್ಲಿ ಸಿಗುವ ನಕಲಿ ಭಾಗವನ್ನು ಅದರ ಜಾಗದಲ್ಲಿ ಕೂರಿಸಿಬಿಡುತ್ತಾರೆ. ಈ ರೂಢಿ ಅನಗತ್ಯವಾದದ್ದು ಮಾತ್ರವಲ್ಲ, ಗಾಡಿಗೆ ನಷ್ಟ ತರುವಂಥದ್ದೂ ಹೌದು. ಮಾಸಿದ ಅಕ್ಷರಕ್ಕೆ ಮತ್ತೆ ಬಣ್ಣ ತುಂಬುವ ಕೆಲಸ ಅಪರೂಪದ ಉಪಕರಣಗಳನ್ನೇನೂ ಬೇಡುವುದಿಲ್ಲ. ಅದು ಬೇಡುವುದು ಅಕ್ಷರ ಯಾವ ಬಗೆಯಲ್ಲಿ ಮೂಡಿತ್ತೆಂಬ ತಿಳಿವಳಿಕೆಯನ್ನು ಮತ್ತು ಕೈಯ ಸಾವಧಾನವನ್ನು.

ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಪೆರಾಬೆಯಂಥ ಗ್ರಾಮಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಅಡಿಕೆ ತೋಟ, ಗುಡ್ಡೆ, ತೋಡುಗಳನ್ನು ದಾಟಿಯೇ ಹೋಗಬೇಕಾದ ಈ ಸೀಮೆಯಲ್ಲಿ ಮೋಟಾರ್ ಸೈಕಲ್ ಎಂಬುದು ಷೋಕಿಯ ವಸ್ತುವಾಗಿರದೆ ಕೃಷಿಯ ಸಲಕರಣೆಯಾಗಿತ್ತು. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿಗಳ ಮೂಲಕ ಮೈಸೂರಿಗೆ ಹೋಗುವ ಹೆದ್ದಾರಿಯ ಆ ತುದಿಯಲ್ಲೇ, ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆಯಿತ್ತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಡಿ 1961ರಲ್ಲಿ ತಯಾರಿಕೆ ಆರಂಭಿಸಿದ ಈ ಕಾರ್ಖಾನೆ 1970ರ ದಶಕದಲ್ಲಿ ತನ್ನ ಗಾಡಿಗಳ ಹೆಸರನ್ನು ಯೆಜ್ಡಿ ಎಂದು ಬದಲಿಸಿ, 1978ರಲ್ಲಿ ರೋಡ್‌ಕಿಂಗ್ ಮಾದರಿಯನ್ನು ಹೊರತಂದು, 1996ರಲ್ಲಿ ಬಾಗಿಲು ಹಾಕಿತು. ಹೆಡ್‌ಲೈಟಿನ ಗೂಡಿನಲ್ಲೇ ಮೀಟರನ್ನು ಹುದುಗಿಸಿಕೊಂಡ, ಕಿಕ್ಕರು ಮತ್ತು ಗೇರುಗಳೆರಡಕ್ಕೂ ಒಂದೇ ಲಿವರ್ ಇರುವ ಆ ಗಾಡಿಗಳೂ, ಮದರಾಸಿನಲ್ಲಿ ತಯಾರಾದ ಬುಲೆಟ್‌ಗಳೂ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ಗಳೂ ಇಂದಿಗೂ ಕರ್ನಾಟಕದ ಊರೂರುಗಳಲ್ಲಿ ಉಳಿದಿವೆ. ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತ ಬಂದಿರುವುದರಿಂದ ಮೂಲ ಯೆಜ್ಡಿಯ ಸ್ವಿಚ್ಚಾಗಲಿ ಡಯಲಾಗಲಿ ಇನ್ನು ಹೊಸದಾಗಿ ಹುಟ್ಟಲಾರದು. ಇರುವುದನ್ನು ಉಳಿಸಿಕೊಳ್ಳುವುದೊಂದೇ ದಾರಿ.

ಉಳಿಸಿಕೊಳ್ಳಲು ಈ ನೆಲದ ಹವೆ ಸುಲಭವಾಗಿ ಬಿಡುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೀಟರಿನ ಗಾಜಿನ ಒಳಮೈಯಲ್ಲಿ ನೀರಾವಿ ಕಟ್ಟಿಕೊಳ್ಳುತ್ತದೆ, ಅದು ಇಳಿದು ಡಯಲಿನ ಬಣ್ಣದಡಿಗೆ ಹೊಕ್ಕು ತಗಡು ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿದಾಗ ಮೇಲಿನ ಅಂಕೆಗಳು ಸಿಪ್ಪೆಯಾಗಿ ಏಳುತ್ತವೆ. ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಇನ್ನೊಂದು ಕಾರಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಮಾಡುವ ಈ ಮದ್ದಿನಲ್ಲಿ ತಾಮ್ರದ ಲವಣವಿದೆ. ತಾಮ್ರದ ಲವಣಗಳು ಅಲ್ಯೂಮಿನಿಯಂ ಹಾಗೂ ಸತುವಿನ ಮೇಲೆ ಬಿದ್ದು ಒದ್ದೆಯಾಗಿಯೇ ಉಳಿದರೆ ಆ ಲೋಹಗಳನ್ನು ಸಣ್ಣ ಸಣ್ಣ ಕುಳಿಗಳಾಗಿ ತಿನ್ನುತ್ತವೆ. ಹಳೆಯ ಸ್ವಿಚ್ಚಿನ ಮೈ, ಲಿವರಿನ ಹಿಡಿ, ಪೆಟ್ರೋಲ್ ಕಾಕು ಹೆಚ್ಚಾಗಿ ಈ ಎರಡು ಲೋಹಗಳ ಎರಕಗಳೇ ಆದ್ದರಿಂದ, ಮದ್ದಿನ ಕೈಯಲ್ಲೇ ಗಾಡಿ ಹಿಡಿದರೆ ಅಕ್ಷರದ ಅಂಚುಗಳು ಮೊದಲು ಮೊಂಡಾಗುತ್ತವೆ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲವೂ ಇಂಥದ್ದೇ ಹಾನಿ ಮಾಡಬಲ್ಲುದು. ಇವೆಲ್ಲವನ್ನೂ ತಾಳಿಕೊಂಡು ಉಳಿದ ಅಕ್ಷರವನ್ನು ಕೊನೆಗೆ ಮುಗಿಸುವುದು ಬಹಳ ಸಲ ರಿಪೇರಿಯ ಉತ್ಸಾಹವೇ. ಬಫಿಂಗ್ ಎಂದರೆ ಬಟ್ಟೆಯ ಚಕ್ರದಿಂದ ಲೋಹವನ್ನು ಉಜ್ಜಿ ಹೊಳಪು ಬರಿಸುವ ಕೆಲಸ. ಅದು ಆಳವಿಲ್ಲದ ಕೊರೆತವನ್ನು ನಿಮಿಷಗಳಲ್ಲಿ ಸವೆಸಿಬಿಡುತ್ತದೆ. ಪುಡಿ ಬಣ್ಣವನ್ನು ಒಲೆಯಲ್ಲಿ ಕರಗಿಸಿ ಹಚ್ಚುವ ಪೌಡರ್ ಕೋಟಿಂಗಿನ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪವಿರುವುದರಿಂದ ಸಣ್ಣಕ್ಷರಗಳ ಹೊಂಡಗಳನ್ನು ಮುಚ್ಚಿಬಿಡುತ್ತದೆ. ಅಕ್ಷರವಿರುವ ಯಾವ ಭಾಗವನ್ನೂ ಇವೆರಡಕ್ಕೆ ಕೊಡಬಾರದು.

ಈ ಬರಹಗಳಿಗೆ ಅಲಂಕಾರಕ್ಕಿಂತ ಹೆಚ್ಚಿನ ಅರ್ಥವಿದೆ. ಹಳೆಯ ವೆಸ್ಪಾ ಸ್ಕೂಟರಿನ ಪೆಟ್ರೋಲ್ ಕಾಕಿನ ಪಟ್ಟಿಯ ಮೇಲೆ ಎ, ಸಿ, ಆರ್ ಎಂಬ ಮೂರು ರೋಮನ್ ಅಕ್ಷರಗಳಿರುತ್ತವೆ. ಇಟಾಲಿಯನ್ ಭಾಷೆಯಲ್ಲಿ ಅವು ಕ್ರಮವಾಗಿ ತೆರೆದಿದೆ, ಮುಚ್ಚಿದೆ, ಮೀಸಲು ಎಂಬುದರ ಮೊದಲಕ್ಷರಗಳು. 1950ರ ದಶಕದ ಬ್ರಿಟಿಷ್ ಗಾಡಿಗಳಲ್ಲಿದ್ದ ಲ್ಯೂಕಾಸ್ ಕಂಪನಿಯ ಸ್ವಿಚ್ಚಿನಲ್ಲಿ ಐಜಿಎನ್, ಇಎಂಜಿ ಎಂಬ ಎರಡು ಸ್ಥಾನಗಳು ಕಾಣುತ್ತವೆ. ಮೊದಲನೆಯದು ಮಾಮೂಲು ಓಡಾಟಕ್ಕೆ, ಎರಡನೆಯದು ಬ್ಯಾಟರಿ ಪೂರ್ತಿ ಇಳಿದುಹೋದಾಗ ಆಲ್ಟರ್ನೇಟರಿನ ವಿದ್ಯುತ್ತಿನಿಂದಲೇ ಎಂಜಿನನ್ನು ಚಾಲೂ ಮಾಡುವುದಕ್ಕೆ. ಇಎಂಜಿ ಎಂಬ ಆ ಮೂರು ಅಕ್ಷರ ಅಳಿಸಿಹೋದರೆ ತುರ್ತು ಸ್ಥಾನವೊಂದು ಇದೆಯೆಂಬುದೇ ಮುಂದಿನ ತಲೆಮಾರಿಗೆ ತಿಳಿಯದು. ವೇಗದ ಮೀಟರು ಮೈಲಿಯಲ್ಲಿದೆಯೋ ಕಿಲೋಮೀಟರಿನಲ್ಲಿದೆಯೋ ಎಂಬುದೂ ಕಾಲನಿರ್ಣಯಕ್ಕೆ ಆಧಾರ. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದದ್ದು 1956ರಲ್ಲಿ, ಪದ್ಧತಿ ನೆಲೆಗೊಂಡದ್ದು 1960ರ ದಶಕದ ಆರಂಭದಲ್ಲಿ. ಹಾಗಾಗಿ ಮೈಲಿಯ ಡಯಲನ್ನು ಕಿತ್ತು ಕಿಲೋಮೀಟರಿನ ಹೊಸ ಡಯಲ್ ಹಾಕಿದವರು ಗಾಡಿಯ ಜಾತಕದ ಒಂದು ಪುಟವನ್ನೇ ಹರಿದಂತಾಗುತ್ತದೆ. ಮೈಸೂರಿನಲ್ಲೇ ತಯಾರಾದ ಗಾಡಿಗಳ ಮೇಲೂ ಬರಹ ರೋಮನ್ ಲಿಪಿಯಲ್ಲೇ ಇತ್ತೆಂಬುದನ್ನು, ಇಂಗ್ಲಿಷ್ ಓದಲು ಬಾರದ ಸವಾರರೂ ಕೊರೆದ ಅಕ್ಷರವನ್ನು ಹೆಬ್ಬೆರಳಿನ ತುದಿಯಿಂದ ಗುರುತು ಹಿಡಿಯಬಹುದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕೊರೆದ ಅಕ್ಷರ ಕತ್ತಲಲ್ಲೂ ಕೈಗೆ ಸಿಗುವಂಥದ್ದು.

ಬಣ್ಣದ ಡಬ್ಬಿ ತೆರೆಯುವ ಮೊದಲು ಅಕ್ಷರ ಯಾವ ವರ್ಗದ್ದೆಂದು ಗುರುತಿಸಬೇಕು. ಲೋಹದೊಳಕ್ಕೆ ಇಳಿದಿರುವ ಅಕ್ಷರ ತಗ್ಗು ಬರಹ. ಎರಕದಲ್ಲೇ ಮೇಲೆದ್ದು ನಿಂತಿರುವುದು ಉಬ್ಬು ಬರಹ. ಮೇಲ್ಮೈ ಸಮವಾಗಿದ್ದು ಶಾಯಿ ಮಾತ್ರ ಕೂತಿರುವುದು ಅಚ್ಚು ಬರಹ. ಅಚ್ಚು ಬರಹದಲ್ಲೂ ಎರಡು ಬಗೆಗಳಿವೆ. ಜಾಲರಿಯ ಬಟ್ಟೆಯ ಮೂಲಕ ಶಾಯಿಯನ್ನು ಒತ್ತಿ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್ ಚಪ್ಪಟೆಯಾದ ಡಯಲುಗಳಿಗೆ ಹೊಂದುತ್ತದೆ. ಕೊರೆದ ಫಲಕದಲ್ಲಿ ತುಂಬಿದ ಶಾಯಿಯನ್ನು ಮೆತ್ತನೆಯ ಸಿಲಿಕೋನ್ ಉಂಡೆಯಿಂದ ಎತ್ತಿ ಬಾಗಿದ ಮೈಯ ಮೇಲೆ ಒತ್ತುವ ಪ್ಯಾಡ್ ಪ್ರಿಂಟಿಂಗ್ ಆಮೇಲಿನ ಕಾಲದ ಪ್ಲಾಸ್ಟಿಕ್ ಸ್ವಿಚ್ಚುಗಳಲ್ಲಿ ಕಾಣುತ್ತದೆ. ಭೂತಗನ್ನಡಿ ಹಿಡಿದು ಓರೆಯಾಗಿ ಬೆಳಕು ಬಿಟ್ಟರೆ ತಗ್ಗಿನಲ್ಲಿ ನೆರಳು ಬೀಳುತ್ತದೆ, ಉಬ್ಬಿನ ಒಂದು ಬದಿ ಮಿನುಗುತ್ತದೆ, ಅಚ್ಚಿನಲ್ಲಿ ಇವೆರಡೂ ಇರುವುದಿಲ್ಲ. ಈ ಪರೀಕ್ಷೆ ಮಾಡದೆ ಅಚ್ಚು ಬರಹವನ್ನು ತಗ್ಗು ಬರಹವೆಂದು ಭಾವಿಸಿ ಥಿನ್ನರಿನಲ್ಲಿ ಒರೆಸಿದರೆ ಉಳಿದ ಅಕ್ಷರವೂ ಬಟ್ಟೆಗೆ ಬಂದುಬಿಡುತ್ತದೆ.

ತಗ್ಗು ಬರಹಕ್ಕೆ ಬಣ್ಣ ತುಂಬುವುದು ಈ ಎಲ್ಲದರಲ್ಲಿ ಹೆಚ್ಚು ತೃಪ್ತಿ ಕೊಡುವ ಕೆಲಸ. ಮೊದಲು ಹೊಂಡದಲ್ಲಿ ಕೂತ ಗ್ರೀಸು, ಕೆಂಪು ಧೂಳು, ಹಳೆಯ ಬಣ್ಣದ ಚೂರುಗಳನ್ನು ತೆಗೆಯಬೇಕು. ಇದಕ್ಕೆ ಸಾಬೂನಿನ ನೀರು, ಹಲ್ಲುಜ್ಜುವ ಮೆದು ಬ್ರಷ್ಷು, ಚೂಪು ಮಾಡಿದ ಬಿದಿರ ಕಡ್ಡಿ ಸಾಕು. ಉಕ್ಕಿನ ಸೂಜಿ ಹಾಕಿದರೆ ಕೊರೆತದ ಅಂಚು ಮುರಿಯುತ್ತದೆ, ಅಂಚು ಮುರಿದ ಅಕ್ಷರ ಎಷ್ಟು ಬಣ್ಣ ತುಂಬಿದರೂ ಮೊಂಡಾಗಿಯೇ ಕಾಣುತ್ತದೆ. ಒಣಗಿದ ಮೇಲೆ ಜಿಡ್ಡು ಉಳಿಯದಂತೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಬೇಕು. ಭಾಗದ ಮೇಲೆ ಹಳೆಯ ಬಣ್ಣವಿದ್ದರೆ ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿದ ಬಳಿಕವೇ.

ಬಣ್ಣದ ಆಯ್ಕೆಯ ಹಿಂದೆ ಒಂದು ಸರಳ ರಸಾಯನಶಾಸ್ತ್ರವಿದೆ. ಗ್ಯಾರೇಜುಗಳಲ್ಲಿ ಎನ್‌ಸಿ ಎಂದು ಕರೆಯುವ ನೈಟ್ರೊಸೆಲ್ಯುಲೋಸ್ ಬಣ್ಣದ ಥಿನ್ನರು ಬಲವಾದ ದ್ರಾವಕ, ಕೆಳಗಿರುವ ಹಳೆಯ ಬಣ್ಣವನ್ನೂ ಕರಗಿಸಿ ಎಬ್ಬಿಸುತ್ತದೆ. ಬೋರ್ಡು ಬರೆಯುವವರು ಬಳಸುವ ಎಣ್ಣೆ ಎನಾಮಲ್ ಟರ್ಪೆಂಟೈನಿನಲ್ಲಿ ಕರಗುತ್ತದೆ. ಟರ್ಪೆಂಟೈನ್ ಸೌಮ್ಯ ದ್ರಾವಕವಾದ್ದರಿಂದ ಚೆನ್ನಾಗಿ ಒಣಗಿ ಗಟ್ಟಿಯಾದ ಹಿನ್ನೆಲೆಯ ಬಣ್ಣಕ್ಕೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ತಪ್ಪಿ ಹರಿದ ಬಣ್ಣವನ್ನು ಅದರಿಂದಲೇ ಒರೆಸಬಹುದು. ಎನಾಮಲ್ ನಿಧಾನವಾಗಿ ಒಣಗುವುದೂ ಇಲ್ಲಿ ಗುಣವೇ ಹೊರತು ದೋಷವಲ್ಲ, ತಿದ್ದಲು ಸಮಯ ಸಿಗುತ್ತದೆ. ಸೂಜಿಮೊನೆಯ ಸೊನ್ನೆ ನಂಬರಿನ ಕುಂಚದಲ್ಲಿ ಹಾಲಿನ ಕೆನೆಯಷ್ಟು ಸಡಿಲಗೊಳಿಸಿದ ಬಣ್ಣವನ್ನು ತೆಗೆದು, ಅಕ್ಷರದ ಗೆರೆಯುದ್ದಕ್ಕೂ ಎಳೆಯದೆ, ಹೊಂಡದ ನಡುವೆ ಒಂದು ಹನಿಯಾಗಿ ಇಟ್ಟರೆ ದ್ರವದ ಮೇಲ್ಮೈ ಎಳೆತವೇ ಆ ಹನಿಯನ್ನು ಗೆರೆಯ ತುದಿಗಳವರೆಗೆ, ಮೂಲೆಗಳೊಳಕ್ಕೂ, ಒಯ್ಯುತ್ತದೆ. ಭೂತಗನ್ನಡಿಯಡಿಯಲ್ಲಿ ಇದನ್ನು ನೋಡುವುದು ನಿಜಕ್ಕೂ ಸಂತೋಷದ ವಿಷಯ: ಬೂದು ಬಣ್ಣದ ಗೀಚಿನಂತಿದ್ದದ್ದು ಬಿಳಿಯ ಬಣ್ಣ ಹರಿಯುತ್ತ ಹೋದಂತೆ ಒಂದು ಎಚ್ ಆಗಿ, ಒಂದು ಒ ಆಗಿ ಎದ್ದು ನಿಲ್ಲುತ್ತದೆ.

ಹೊಂಡ ತುಂಬಿ ಅಂಚು ಮೀರಿದ ಬಣ್ಣವನ್ನು ಒರೆಸುವ ಹೊತ್ತೇ ಇಡೀ ಕೆಲಸದ ನಿರ್ಣಾಯಕ ಘಟ್ಟ. ಬಣ್ಣ ಪೂರ್ತಿ ಹಸಿಯಿದ್ದಾಗ ಒರೆಸಿದರೆ ಹೊಂಡದೊಳಗಿನದೂ ಎದ್ದು ಬರುತ್ತದೆ, ಪೂರ್ತಿ ಒಣಗಿದ ಮೇಲೆ ಒರೆಸಿದರೆ ಕಲೆ ಬಿಡುವುದಿಲ್ಲ. ಬೆರಳಿಗೆ ಅಂಟು ಅಂಟಾಗಿ ತಾಗುವ ಹದ ಬಂದಾಗ, ಹಳೆಯ ಎಟಿಎಂ ಕಾರ್ಡಿನಂಥ ಗಟ್ಟಿ ಅಂಚಿನ ಹಲಗೆಗೆ ನುಣುಪಾದ ಹತ್ತಿಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಟರ್ಪೆಂಟೈನಿನ ತೇವ ಮಾತ್ರ ತಾಗಿಸಿ, ಅಕ್ಷರದ ಗೆರೆಗೆ ಅಡ್ಡಲಾಗಿ ಒಂದೇ ಎಳೆತದಲ್ಲಿ ಒರೆಸಬೇಕು. ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿದರೆ ಬೆರಳಿನ ಮೆತ್ತನೆಯ ತುದಿ ಹೊಂಡದೊಳಕ್ಕೆ ಇಳಿದು ಬಣ್ಣವನ್ನು ಅಗೆದು ತೆಗೆಯುತ್ತದೆ. ಗಟ್ಟಿ ಅಂಚಾದರೆ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ. ಒಣಗುವಾಗ ಬಣ್ಣ ಕುಗ್ಗುವುದರಿಂದ ಮರುದಿನ ಎರಡನೆಯ ಸಲ ತುಂಬಬೇಕಾಗುವುದು ಸಹಜ. ಈ ಕೆಲಸಕ್ಕೆ ಪೆರಾಬೆಯ ಕಡೆ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳೇ ಸರಿ. ಮಳೆಗಾಲದಲ್ಲಿ ಎನಾಮಲ್ ದಿನಗಟ್ಟಲೆ ಅಂಟಾಗಿಯೇ ಉಳಿಯುತ್ತದೆ. ಬೇಗ ಆರುವ ಎನ್‌ಸಿ ಬಣ್ಣವಂತೂ ಆರುವ ಭರದಲ್ಲಿ ಮೇಲ್ಮೈಯನ್ನು ತಣ್ಣಗಾಗಿಸಿ, ಗಾಳಿಯ ತೇವವನ್ನು ತನ್ನ ಮೇಲೆ ಇಳಿಸಿಕೊಂಡು ಹಾಲುಹಾಲಾಗಿ ಬಿಳಚಿಕೊಳ್ಳುತ್ತದೆ.

ಉಬ್ಬು ಬರಹದಲ್ಲಿ ಕುಂಚಕ್ಕೆ ಕೆಲಸವೇ ಇಲ್ಲ. ಗಾಜಿನ ತುಂಡಿನ ಮೇಲೆ ಬಣ್ಣವನ್ನು ತೆಳುವಾಗಿ ಹರಡಿ, ಚಪ್ಪಟೆಯಾದ ಗಟ್ಟಿ ರಬ್ಬರಿನ ತುಂಡನ್ನು ಅದಕ್ಕೆ ಒತ್ತಿ, ಆ ರಬ್ಬರನ್ನು ಅಕ್ಷರಗಳ ನೆತ್ತಿಗೆ ಮುಟ್ಟಿಸಿ ತೆಗೆದರೆ ಎತ್ತರದಲ್ಲಿರುವ ಭಾಗಕ್ಕಷ್ಟೇ ಬಣ್ಣ ಹತ್ತುತ್ತದೆ. ಸಾಲದಿದ್ದರೆ ಇನ್ನೊಮ್ಮೆ.

ಡಯಲಿನ ವಿಷಯ ಬೇರೆಯೇ. ಹೆಚ್ಚಿನ ಹಳೆಯ ವೇಗದ ಮೀಟರುಗಳಲ್ಲಿ ಚಕ್ರದಿಂದ ಅಥವಾ ಗೇರ್ ಪೆಟ್ಟಿಗೆಯಿಂದ ಬರುವ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಆಗ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲು ಆಯಸ್ಕಾಂತದ ದಿಕ್ಕಿಗೇ ಎಳೆಯಲ್ಪಡುತ್ತದೆ. ಕೂದಲಿನಂಥ ಸ್ಪ್ರಿಂಗ್ ಆ ಎಳೆತವನ್ನು ತಡೆಯುತ್ತದೆ. ಎರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಮುಳ್ಳು ಆ ಬಟ್ಟಲಿನ ಅಕ್ಷಕ್ಕೇ ಕೂತಿರುವುದರಿಂದ ಡಯಲನ್ನು ಬಿಡಿಸಲು ಮುಳ್ಳನ್ನು ಕೀಳುವಾಗ ಒಂದಿಷ್ಟು ಓರೆಯಾದರೂ ಅಕ್ಷ ಬಾಗಿ, ಮೀಟರು ಮತ್ತೆಂದೂ ಸರಿಯಾದ ವೇಗ ತೋರಿಸದಂತಾಗಬಹುದು. ಅಂಚಿನ ಲೋಹದ ರಿಂಗನ್ನು ಮಡಿಸಿ ಬಿಗಿದಿರುವ ಮೀಟರುಗಳನ್ನು ತೆರೆಯುವುದು, ಮುಳ್ಳು ಕೀಳುವುದು, ಇವೆರಡನ್ನೂ ಮೀಟರ್ ರಿಪೇರಿಯಲ್ಲಿ ಪಳಗಿದವರಿಗೇ ಒಪ್ಪಿಸುವುದು ಲೇಸು.

ಇದಕ್ಕಿಂತ ಗಂಭೀರವಾದ ಎಚ್ಚರಿಕೆಯೊಂದಿದೆ. ಎರಡನೆಯ ಮಹಾಯುದ್ಧದ ಕಾಲದ ಮಿಲಿಟರಿ ಗಾಡಿಗಳ ಹಾಗೂ ಅವುಗಳ ಆಸುಪಾಸಿನ ವರ್ಷಗಳ ಕೆಲವು ಮೀಟರುಗಳ ಅಂಕೆಗಳಿಗೆ, ಕತ್ತಲಲ್ಲಿ ಹೊಳೆಯಲೆಂದು, ರೇಡಿಯಂ ಬೆರೆಸಿದ ಬಣ್ಣ ಹಚ್ಚಿರುತ್ತಿದ್ದರು. ಇಂದು ನಮ್ಮ ಪೇಟೆಗಳಲ್ಲಿ ರೇಡಿಯಂ ಸ್ಟಿಕ್ಕರ್ ಎಂದು ಕರೆಯುವ ಪ್ರತಿಫಲಕ ಹಾಳೆಯಲ್ಲಿ ರೇಡಿಯಂ ಇಲ್ಲ. ಆದರೆ ಆ ಹಳೆಯ ಡಯಲುಗಳಲ್ಲಿ ಇರುವುದು ನಿಜವಾದ ವಿಕಿರಣಶೀಲ ರೇಡಿಯಂ. ಅದರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಅದರೊಂದಿಗೆ ಬೆರೆಸಿದ ಹೊಳೆಯುವ ಸತುವಿನ ಸಲ್ಫೈಡ್ ಕೆಲವೇ ದಶಕಗಳಲ್ಲಿ ಸತ್ವ ಕಳೆದುಕೊಳ್ಳುವುದರಿಂದ, ಹೊಳಪು ನಿಂತಿದೆಯೆಂದರೆ ವಿಕಿರಣ ನಿಂತಿದೆಯೆಂದು ಅರ್ಥವಲ್ಲ. 1920ರ ದಶಕದಲ್ಲಿ ಅಮೆರಿಕದ ಗಡಿಯಾರ ಕಾರ್ಖಾನೆಗಳಲ್ಲಿ ಇಂಥ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದ ಯುವತಿಯರು ದವಡೆಯ ಮೂಳೆ ಕೊಳೆತು ಸತ್ತದ್ದು ಕಾರ್ಮಿಕರ ಸುರಕ್ಷತೆಯ ಇತಿಹಾಸದಲ್ಲೇ ದೊಡ್ಡ ದುರಂತ. ಕಂದುಹಳದಿಗೆ ತಿರುಗಿ ಪುಡಿಪುಡಿಯಾಗುತ್ತಿರುವ ದಪ್ಪ ಬಣ್ಣದ ಅಂಕೆಗಳು ಹಳೆಯ ಡಯಲಿನಲ್ಲಿ ಕಂಡರೆ ಗಾಜನ್ನು ತೆರೆಯಲೇಬಾರದು, ಕೆರೆಯಬಾರದು, ಮರಳು ಕಾಗದ ತಾಗಿಸಬಾರದು, ಊದಬಾರದು. ಕುಂಚವನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಯಾವ ಬಣ್ಣದ ಕೆಲಸದಲ್ಲೂ ಸಲ್ಲದು; ಹಳೆಯ ಬಣ್ಣಗಳಲ್ಲಿ ಸೀಸವೂ ಇರಬಹುದು.

ಅಪಾಯವಿಲ್ಲದ ಡಯಲಿನಲ್ಲಿ ಒಂದೆರಡು ಅಂಕೆ ಮಾತ್ರ ಹೋಗಿದ್ದರೆ ಅಷ್ಟನ್ನೇ ಕೈಯಿಂದ ತಿದ್ದುವುದು ಉತ್ತಮ. ಅರ್ಧಕ್ಕರ್ಧ ಹೋಗಿದ್ದರೆ ಇಡೀ ಬರಹವನ್ನು ಮತ್ತೆ ಅಚ್ಚು ಹಾಕಬೇಕಾಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಡಯಲನ್ನು ಸ್ಕ್ಯಾನ್ ಮಾಡಿ, ಉಳಿದ ಅಂಕೆಗಳ ಆಧಾರದ ಮೇಲೆ ಕಂಪ್ಯೂಟರಿನಲ್ಲಿ ಪ್ರತಿಯೊಂದನ್ನೂ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಇಲ್ಲಿ ಸಿದ್ಧ ಫಾಂಟೊಂದನ್ನು ಆರಿಸಿ ಮುಗಿಸುವವರೇ ಹೆಚ್ಚು, ನಕಲಿ ಡಯಲುಗಳು ಸಿಕ್ಕಿಬೀಳುವುದೂ ಇಲ್ಲೇ. ಹಳೆಯ ಡಯಲಿನ 4ರ ತಲೆ ತೆರೆದಿದೆಯೋ ಮುಚ್ಚಿದೆಯೋ, 3ರ ನೆತ್ತಿ ದುಂಡೋ ಚಪ್ಪಟೆಯೋ, 6ರ ಬಾಲ ನೆಟ್ಟಗಿದೆಯೋ ಬಾಗಿದೆಯೋ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತಿತ್ತು. 60ರಲ್ಲಿ ಉಳಿದ 6ರಿಂದ ಅಳಿದ 9ರ ಆಕಾರ ಸಿಗುವುದುಂಟು, 20ರ ಸೊನ್ನೆಯಿಂದ 100ರ ಸೊನ್ನೆಗಳು. ಯಾವ ಸುಳಿವೂ ಇಲ್ಲದ ಅಕ್ಷರಕ್ಕೆ ಅದೇ ವರ್ಷದ ಇನ್ನೊಂದು ಗಾಡಿಯನ್ನು ಹುಡುಕಿ ನೋಡಬೇಕು. ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನದು, ಊಹೆ ಶುರುವಾಗುವ ಜಾಗದಲ್ಲಿ ಪುನರುಜ್ಜೀವನದ ಕೆಲಸ ನಿಲ್ಲಬೇಕೆಂದು ವಿಧಿಸುತ್ತದೆ. ದೇವಾಲಯದ ಕಂಬಕ್ಕೆ ಸಲ್ಲುವ ಆ ಮಾತು ಮೈಸೂರಿನ ಗಾಡಿಯ ಡಯಲಿಗೂ ಸಲ್ಲುತ್ತದೆ.

ಬರೆದುಕೊಂಡ ವಿನ್ಯಾಸವನ್ನು ಡಯಲಿಗೆ ಇಳಿಸುವಲ್ಲಿ ಮನೆಯ ಪ್ರಿಂಟರು ಕೈಕೊಡುತ್ತದೆ, ಏಕೆಂದರೆ ಮಾಮೂಲು ಇಂಕ್‌ಜೆಟ್ ಪ್ರಿಂಟರಿನಲ್ಲಿ ಬಿಳಿಯ ಶಾಯಿಯೇ ಇರುವುದಿಲ್ಲ, ಅದು ಕಾಗದದ ಬಿಳಿಯನ್ನೇ ನೆಚ್ಚಿಕೊಂಡಿರುತ್ತದೆ; ಹಳೆಯ ಡಯಲುಗಳಲ್ಲಿ ಬಹುಪಾಲು ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಂಕೆಗಳು. ಸ್ಟಿಕ್ಕರ್ ಕತ್ತರಿಸುವ ಯಂತ್ರವೂ ಮೂರು ನಾಲ್ಕು ಮಿ.ಮೀ.ಗಿಂತ ಸಣ್ಣ ಅಕ್ಷರವನ್ನು ಚೊಕ್ಕವಾಗಿ ಕತ್ತರಿಸಲಾರದು. ಆದ್ದರಿಂದ ಮದುವೆಯ ಕರೆಯೋಲೆ, ಬಟ್ಟೆಚೀಲಗಳಿಗೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯೇ ಇದಕ್ಕೆ ಸರಿಯಾದ ಜಾಗ. ಮೂಲ ಡಯಲು ಅಚ್ಚಾಗಿದ್ದದ್ದೂ ಇದೇ ಪದ್ಧತಿಯಲ್ಲಿ ಎಂಬುದು ಅದರ ಪರವಾದ ಇನ್ನೊಂದು ಮಾತು. ಅಂಗುಲಕ್ಕೆ ಸುಮಾರು 300 ಎಳೆಗಳಿರುವ ನವಿರಾದ ಜಾಲರಿಯನ್ನು ಬಳಸಲು, ಲೋಹಕ್ಕೆ ಹಿಡಿಯುವ ಶಾಯಿಯನ್ನು ಹಾಕಲು ಅಂಗಡಿಯವರಿಗೆ ಹೇಳಬೇಕು, ಮೊದಲು ಹಳೆಯ ತಗಡಿನ ಚೂರಿನ ಮೇಲೆ ಅಚ್ಚು ತೆಗೆಸಿ ನೋಡಬೇಕು. ಬಾಗಿದ ಮೈಯ ಸ್ವಿಚ್ಚುಗಳಿಗೆ ವಾಟರ್ ಡೆಕಾಲ್ ಹೊಂದುತ್ತದೆ. ಇದು ಅಂಟು ಬಳಿದ ಕಾಗದದ ಮೇಲೆ ಮುದ್ರಿಸಿದ ತೆಳು ಪೊರೆ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿ ಲೋಹದ ಮೇಲೆ ಕೂರುತ್ತದೆ. ಬಿಳಿ ಟೋನರಿನಲ್ಲಿ ಇದನ್ನು ಮುದ್ರಿಸಿಕೊಡುವವರು ದೊಡ್ಡ ನಗರಗಳಲ್ಲಿದ್ದಾರೆ.

ಬಣ್ಣದ ಛಾಯೆಯ ಬಗ್ಗೆ ಒಂದು ಮಾತು ಅಗತ್ಯ. ಡಬ್ಬಿಯಿಂದ ತೆಗೆದ ಅಚ್ಚ ಬಿಳಿ ನಲವತ್ತು ಮಳೆಗಾಲ ಕಂಡ ಕಪ್ಪಿನ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಉಳಿದಿರುವ ಮೂಲ ಅಂಕೆಯೊಂದಕ್ಕೆ ಹೋಲಿಸಿ, ಬಿಳಿಗೆ ಎಳ್ಳಷ್ಟು ಹಳದಿಯನ್ನೂ ಅದಕ್ಕಿಂತ ಕಡಿಮೆ ಕಂದನ್ನೂ ಬೆರೆಸಿದರೆ ಹೊಸದು ಹಳತಿನ ಜೊತೆ ಒಂದಾಗುತ್ತದೆ. ಗಾಡಿ ಎಷ್ಟು ದೂರ ಓಡಿದೆಯೆಂದು ತೋರಿಸುವ ಓಡೋಮೀಟರಿನ ಚಕ್ರಗಳ ಅಂಕೆಗಳನ್ನು ತಿದ್ದುವಾಗ ಮಾತ್ರ ಇನ್ನೂ ಹೆಚ್ಚಿನ ಎಚ್ಚರ ಬೇಕು: ಚಕ್ರಗಳನ್ನು ಕಳಚಿದ್ದರೆ ಕಳಚುವ ಮೊದಲಿನ ಫೋಟೋ ಇಟ್ಟುಕೊಂಡು ಅದೇ ಸಂಖ್ಯೆಗೆ ಮರಳಿ ಜೋಡಿಸಬೇಕು, ಏಕೆಂದರೆ ಗಾಡಿ ಕೈಬದಲಾಗುವಾಗ ಆ ಸಂಖ್ಯೆಯನ್ನು ನಂಬಿ ಹಣ ಕೊಡುವವರಿದ್ದಾರೆ.

ಗಾಡಿಯ ಮೂಲರೂಪ ಉಳಿಸಿಕೊಳ್ಳುವುದಕ್ಕೆ ಕಾನೂನಿನ ಮಹತ್ವವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದು ದೊಡ್ಡ ಮಾರ್ಪಾಡುಗಳಿಗೆ ಒಳಗಾಗದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು ವಿಂಟೇಜ್ ವರ್ಗದಲ್ಲಿ ನೋಂದಣಿ ಪಡೆಯಬಹುದು. ಅವುಗಳ ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ ವಿಎ ಎಂಬ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಪುತ್ತೂರಿನ ಕೆಎ 21 ಸಾರಿಗೆ ಕಚೇರಿಯ ವ್ಯಾಪ್ತಿಯ ಗ್ರಾಮಗಳ ಕೊಟ್ಟಿಗೆಗಳಲ್ಲಿ ನಿಂತಿರುವ 1960ರ ದಶಕದ ಜಾವಾಗಳು ಈಗಾಗಲೇ ಈ ವಯಸ್ಸು ದಾಟಿವೆ, ಮೊದಮೊದಲ ಯೆಜ್ಡಿಗಳು ದಾಟುತ್ತಿವೆ. ಇಂಥ ಗಾಡಿಯಲ್ಲಿ ಕೈಹಾಕಿದವರು ಯಾವ ಅಕ್ಷರಕ್ಕೆ, ಯಾವ ವರ್ಷ, ಯಾವ ಬಣ್ಣ ತುಂಬಲಾಯಿತು, ಯಾವುದನ್ನು ಮುಟ್ಟದೆ ಬಿಡಲಾಯಿತು ಎಂಬುದನ್ನು ಬರೆದು, ಕೆಲಸಕ್ಕೆ ಮುಂಚಿನ ಫೋಟೋಗಳೊಂದಿಗೆ ಆರ್‌ಸಿ ಪುಸ್ತಕದ ಜೊತೆಗಿಡಬೇಕು. ಕಳಚಿ ತೆಗೆದ ಮೂಲ ಡಯಲನ್ನು, ಅದು ಎಷ್ಟೇ ಹಾಳಾಗಿರಲಿ, ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಕಾಪಾಡಬೇಕು.